ಕೋರ್ಟ್ ಖರ್ಚು ತಂಬಾಕಿನಲ್ಲಿ ಯಾಕೆ?

ನೀವು ಕೇಳಿದ, ಆಗ ಅಮೆರಿಕದಲ್ಲಿ ಬ್ರಿಟಿಷ್ ವಸಾಹತಾಗಿದ್ದ ವರ್ಜೀನಿಯಾದ 1760ರ ದಶಕದ ಸಾಲದ ಕೇಸಿನ ತೀರ್ಪಿನಲ್ಲಿ ಸಾಲ ಪೌಂಡ್, ಶಿಲ್ಲಿಂಗ್‌ಗಳಲ್ಲಿದೆ, ಖರ್ಚು ಮಾತ್ರ ತಂಬಾಕಿನ ತೂಕದಲ್ಲಿದೆ. ಅದು ಬರೆದವರ ತಪ್ಪಲ್ಲ. ಅಲ್ಲಿ ನಾಣ್ಯ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಕೋರ್ಟಿನ ಗುಮಾಸ್ತ, ಶೆರಿಫ್ (ಕೋರ್ಟಿನ ಆದೇಶ ಜಾರಿ ಮಾಡುವ ಅಧಿಕಾರಿ) ಇವರ ಶುಲ್ಕವನ್ನು ಕಾನೂನೇ ತಂಬಾಕಿನಲ್ಲಿ ಗೊತ್ತು ಮಾಡಿತ್ತು. ಕೌಂಟಿ (ಜಿಲ್ಲೆಯಂಥ ಪ್ರದೇಶ) ಕೋರ್ಟಿನಲ್ಲಿ ವಕೀಲರ ಫೀಸು ಸಾಮಾನ್ಯವಾಗಿ 15 ಶಿಲ್ಲಿಂಗ್ ಅಥವಾ 150 ಪೌಂಡ್ ತೂಕದ ತಂಬಾಕು. ಸುಮ್ನೆ ಮೂಟೆ ಹೊತ್ತು ತರಬೇಕಿರಲಿಲ್ಲ ಬಿಡಿ. 1730ರ ಕಾಯ್ದೆಯ ನಂತರ ಸರ್ಕಾರಿ ಗೋದಾಮಿನಲ್ಲಿ ತಂಬಾಕು ಇಟ್ಟಿದ್ದಕ್ಕೆ ಸಿಗುವ ರಸೀದಿಯೇ ಹಣದ ಹಾಗೆ ಓಡಾಡುತ್ತಿತ್ತು.

ಸೋತವನು ಸಾಲದ ಜೊತೆ ಎದುರಾಳಿಯ ಖರ್ಚನ್ನೂ ಕೊಡಬೇಕಿತ್ತು. ಸಮನ್ಸು, ಪ್ರತಿ, ಮುಂದೂಡಿಕೆ, ಎಲ್ಲಕ್ಕೂ ಫೀಸು. ಸಣ್ಣ ಸಾಲಗಾರನಿಗೆ ಇದೇ ಜಾಸ್ತಿ ಹೊರೆ ಅಲ್ವಾ? ಅದಕ್ಕೇ ಎಷ್ಟೋ ಜನ ವಾದಕ್ಕೆ ಹೋಗದೆ ಸಾಲ ಒಪ್ಪಿಕೊಂಡುಬಿಡುತ್ತಿದ್ದರು. ಕೊಡದಿದ್ದರೆ ಶೆರಿಫ್ ಸಾಮಾನು ಜಪ್ತಿ ಮಾಡಬಹುದಿತ್ತು, ಇಲ್ಲವೇ ಸಾಲಗಾರನನ್ನೇ ಜೈಲಿಗೆ ಹಾಕಬಹುದಿತ್ತು.

ನಿಮ್ಮ ಕಡತದಲ್ಲಿ 1774ರ ನಂತರ ಸಾಲದ ಕೇಸು ಕಾಣದಿದ್ದರೆ ಗಾಬರಿಯಾಗಬೇಡಿ. ಆ ಏಪ್ರಿಲ್‌ನಲ್ಲಿ ಶುಲ್ಕದ ಕಾಯ್ದೆಯ ಅವಧಿ ಮುಗಿಯಿತು. ಅದನ್ನು ನವೀಕರಿಸುವ ಮೊದಲೇ, ಮೇ ತಿಂಗಳಲ್ಲಿ, ಗವರ್ನರ್ ಡನ್‌ಮೋರ್ ಶಾಸನಸಭೆಯನ್ನು ವಿಸರ್ಜಿಸಿದ. ಕಾನೂನು ಗೊತ್ತು ಮಾಡಿದ ಫೀಸೇ ಇಲ್ಲ ಎಂದು ಕೋರ್ಟುಗಳು ಸಾಲದ ದಾವೆ ನಿಲ್ಲಿಸಿದವು. ಬ್ರಿಟಿಷ್ ವ್ಯಾಪಾರಿಗಳಿಗೆ ಬಾಕಿ ಇಟ್ಟಿದ್ದ ತೋಟದ ಮಾಲೀಕರಿಗೆ ಅದೇನೂ ಬೇಜಾರಿನ ಸುದ್ದಿ ಆಗಿರಲಿಕ್ಕಿಲ್ಲ!