ಜಾಯ್ ಡಿವಿಷನ್: ಮೊದಲು ಯಾವ ಆಲ್ಬಂ?

ಇಂಗ್ಲೆಂಡಿನ ರಾಕ್ ಬ್ಯಾಂಡ್ ಜಾಯ್ ಡಿವಿಷನ್‌ನ ಎರಡು ಸ್ಟುಡಿಯೋ ಆಲ್ಬಂಗಳಲ್ಲಿ ಯಾವುದರಿಂದ ಶುರು ಮಾಡಲಿ, ಡ್ರಮ್ಸ್ ಯಾಕೆ ಅಷ್ಟು ದೂರದಿಂದ ಬಂದ ಹಾಗೆ ಕೇಳಿಸುತ್ತೆ ಅಂತ ಕೇಳಿದ್ದೀರಿ.

1979ರ 'ಅನ್‌ನೋನ್ ಪ್ಲೆಷರ್ಸ್' ಮೊದಲು ಕೇಳಿ. ಟೀ ಶರ್ಟ್‌ಗಳ ಮೇಲೆ ಕಾಣುವ ಬಿಳಿ ಗೆರೆಗಳ ಚಿತ್ರ ಇದರ ಮುಖಪುಟವೇ. ಅದು ಒಂದು ಪಲ್ಸಾರ್‌ನ, ಅಂದರೆ ವೇಗವಾಗಿ ತಿರುಗುವ ನಕ್ಷತ್ರದ ರೇಡಿಯೋ ಮಿಡಿತ.

ಆ ದೂರದ ಸದ್ದು ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಅವರ ಕೈಕೆಲಸ. ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಅವರು ಡ್ರಮ್ಮರ್ ಸ್ಟೀಫನ್ ಮಾರಿಸ್ ಒಂದೊಂದು ಡ್ರಮ್ಮನ್ನೂ ಬಿಡಿಬಿಡಿಯಾಗಿ ನುಡಿಸುವಂತೆ ಮಾಡಿದರು. ಒಂದರ ಸದ್ದು ಇನ್ನೊಂದಕ್ಕೆ ಬೆರೆಯಬಾರದು, ಅಷ್ಟೇ. ಆಮೇಲೆ ಡಿಜಿಟಲ್ ಡಿಲೇ ಹಾಕಿದರು, ಅಂದರೆ ಸದ್ದು ತುಸು ತಡವಾಗಿ ಮರುಕಳಿಸುವ ಹಾಗೆ ಮಾಡಿದರು. ಹೆಡ್‌ಫೋನ್ ಹಾಕಿಕೊಂಡು 'ಶೀಸ್ ಲಾಸ್ಟ್ ಕಂಟ್ರೋಲ್' ಕೇಳಿ. ತಾಳದ ಜೊತೆ 'ಚ್ಸ್' ಅಂತ ಬರುತ್ತಲ್ಲ, ಅದು ಸ್ಪ್ರೇ ಕ್ಯಾನ್! ಮೇಲಿನ ಸ್ವರಗಳಲ್ಲಿ ರಾಗ ಹಿಡಿದು ಹೋಗೋದು ಗಿಟಾರ್ ಅಲ್ಲ, ಪೀಟರ್ ಹುಕ್ ಅವರ ಬೇಸ್ (ಸಾಮಾನ್ಯವಾಗಿ ತಗ್ಗು ಸ್ವರ ನುಡಿಸುವ ವಾದ್ಯ). ನನಗೆ ಈ ಬ್ಯಾಂಡಿನಲ್ಲಿ ಎಲ್ಲಕ್ಕಿಂತ ಇಷ್ಟ ಅದೇ.

ಎರಡನೇ ಆಲ್ಬಂ 'ಕ್ಲೋಸರ್'ಗೆ ಸ್ವಲ್ಪ ದಿನ ಬಿಟ್ಟು ಹೋಗಿ. ಮನಸ್ಸಿಗೆ ತುಂಬ ಭಾರ ಅದು. 1980ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಆಯಿತು. ಮೇ 18ರಂದು ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡರು, ಆಗಿನ್ನೂ 23 ವರ್ಷ. ಆಲ್ಬಂ ಬಂದಿದ್ದು ಜುಲೈನಲ್ಲಿ. ಉಳಿದ ಮೂವರು 'ನ್ಯೂ ಆರ್ಡರ್' ಅನ್ನೋ ಹೊಸ ಬ್ಯಾಂಡ್ ಆದರು.

ಸ್ಟುಡಿಯೋ ಸದ್ದು ಜಾಸ್ತಿ ತಣ್ಣಗೆ ಅನ್ನಿಸಿದರೆ 1981ರ ಸಂಗ್ರಹ 'ಸ್ಟಿಲ್' ಹಾಕಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾಯ್ ಡಿವಿಷನ್ ಕೊಟ್ಟ ಕೊನೆಯ ಕಾರ್ಯಕ್ರಮ ಅದರಲ್ಲಿದೆ. ಅಲ್ಲಿ ಡ್ರಮ್ಸ್ ದೂರ ಇಲ್ಲ, ಎದೆಗೇ ಬಡಿಯುತ್ತೆ.