ಕಡಲತಳದ ಏರುತಗ್ಗನ್ನು ಅಳೆಯಲು ಸರಾಸರಿ ಸಾಕೇ?

ಪ್ರಶ್ನೆ: ಸೋನಾರ್ (ಧ್ವನಿಯ ಮೂಲಕ ಆಳ ಅಳೆಯುವ ಉಪಕರಣ) ಸಮೀಕ್ಷೆಯಿಂದ ಕಡಲತಳದ ಆಳದ ನಕ್ಷೆ ಸಿಕ್ಕ ಮೇಲೆ, ಸರಾಸರಿ ಮತ್ತು ಮಾನಕ ವಿಚಲನೆಗಳನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಲೆಕ್ಕ ಹಾಕಿದರೆ ಅದರ ಒರಟುತನ ತಿಳಿಯುವುದಿಲ್ಲವೇ?

ಉತ್ತರ: ಪೂರ್ತಿಯಾಗಿ ತಿಳಿಯುವುದಿಲ್ಲ. ನಕ್ಷೆಯ ಚೌಕಗಳಲ್ಲಿರುವ ಆಳದ ಅಂಕಿಗಳನ್ನೆಲ್ಲ ಮನಬಂದಂತೆ ಅದಲುಬದಲು ಮಾಡಿದರೂ ಸರಾಸರಿ ಬದಲಾಗದು, ಮಾನಕ ವಿಚಲನೆಯೂ ಬದಲಾಗದು. ಆದರೆ ಗುಡ್ಡಸಾಲುಗಳು ಮಾತ್ರ ಮಾಯವಾಗಿರುತ್ತವೆ. ಭೂವಿಜ್ಞಾನಕ್ಕೆ ಬೇಕಾದದ್ದು ಆ ಸಾಲುಗಳೇ. ಎಷ್ಟು ದೂರದವರೆಗೆ ಒಂದು ಬಿಂದುವಿನ ಆಳ ಇನ್ನೊಂದರ ಆಳವನ್ನು ಹೋಲುತ್ತದೆ, ಆ ಹೋಲಿಕೆ ಯಾವ ದಿಕ್ಕಿನಲ್ಲಿ ಹೆಚ್ಚು ದೂರ ಸಾಗುತ್ತದೆ ಎಂಬುದನ್ನೂ ಅಳೆಯಬೇಕು. 1988ರಲ್ಲಿ ವಿಜ್ಞಾನಿಗಳಾದ ಗಾಫ್ ಮತ್ತು ಜೋರ್ಡಾನ್ ಮಂಡಿಸಿದ ಮಾದರಿ ಇದನ್ನೇ ಮಾಡಿ, ಗುಡ್ಡಗಳ ಎತ್ತರ, ಅಗಲ, ಉದ್ದ, ದಿಕ್ಕು ಮತ್ತು ಫ್ರ್ಯಾಕ್ಟಲ್ ಆಯಾಮಗಳನ್ನು (ಸಣ್ಣ ಅಳತೆಗಳಲ್ಲಿ ಮೇಲ್ಮೈ ಎಷ್ಟು ಒರಟು ಎಂಬುದರ ಸೂಚಕ) ಕೆಲವೇ ಸಂಖ್ಯೆಗಳಲ್ಲಿ ಹಿಡಿದಿಟ್ಟಿತು. ಈ ಸಂಖ್ಯೆಗಳಿಗೆ ಭೌತಿಕ ಅರ್ಥವಿದೆ. ಕಡಲತಳ ಬಿರಿದು ಹೊಸ ಶಿಲೆ ಹುಟ್ಟುವ ಕಡಲಡಿಯ ಬೆಟ್ಟಸಾಲನ್ನು ಏಣು ಎನ್ನುತ್ತಾರೆ. ನಿಧಾನವಾಗಿ ಬಿರಿಯುವ ಅಟ್ಲಾಂಟಿಕ್ ನಡುಸಾಗರ ಏಣು ಅಥವಾ ನಮ್ಮ ಅರಬ್ಬೀ ಸಮುದ್ರದ ಕಾರ್ಲ್ಸ್‌ಬರ್ಗ್ ಏಣಿನ ಇಕ್ಕೆಲಗಳು, ವೇಗವಾಗಿ ಬಿರಿಯುವ ಪೂರ್ವ ಪೆಸಿಫಿಕ್ ಏಣಿಗಿಂತ ಸಾಮಾನ್ಯವಾಗಿ ಹೆಚ್ಚು ಒರಟಾಗಿವೆ.

ಲೆಕ್ಕಕ್ಕೆ ಮುನ್ನ, ತಳದ ಶಿಲೆಗೆ ವಯಸ್ಸಾದಂತೆ ಅದು ತಣಿದು ಕುಸಿಯುವುದರಿಂದ ಬರುವ ಒಟ್ಟಾರೆ ಇಳಿಜಾರನ್ನು ಕಳೆಯಬೇಕು. ಇಲ್ಲವಾದರೆ ಅದೂ ಒರಟುತನದ ಲೆಕ್ಕಕ್ಕೆ ಸೇರಿಬಿಡುತ್ತದೆ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕಿರುವುದು ಉಪಕರಣದ ವಿಷಯದಲ್ಲಿ. ಸೋನಾರ್ ಹಡಗಿನ ಎರಡೂ ಬದಿಗೆ ಬೀಸಣಿಗೆಯಂತೆ ಹಲವು ಧ್ವನಿಕಿರಣಗಳನ್ನು ಹರಡಿ, ದಾರಿಗುಂಟ ಒಂದು ಪಟ್ಟಿಯಷ್ಟು ತಳವನ್ನು ಅಳೆಯುತ್ತದೆ. 4000 ಮೀಟರ್ ಆಳದಲ್ಲಿ 1 ಡಿಗ್ರಿ ಅಗಲದ ಧ್ವನಿಕಿರಣವು ಹಡಗಿನ ನೇರ ಕೆಳಗೇ ಸುಮಾರು 70 ಮೀಟರ್ ಅಗಲದ ಜಾಗವನ್ನು ಆವರಿಸುತ್ತದೆ, ಅಂಚಿನ ಕಿರಣಗಳು ಇನ್ನೂ ಹೆಚ್ಚು ಜಾಗವನ್ನು. ಅದಕ್ಕಿಂತ ಸಣ್ಣ ಉಬ್ಬುತಗ್ಗುಗಳ ಬಗ್ಗೆ ಆ ದತ್ತಾಂಶ ಏನನ್ನೂ ಹೇಳಲಾರದು, ನಕ್ಷೆಯನ್ನು ಎಷ್ಟೇ ಚಿಕ್ಕ ಚೌಕಗಳಲ್ಲಿ ಬಿಡಿಸಿದರೂ ಸರಿಯೇ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಅದರ ಅಂದಾಜಿನಲ್ಲಿ ಶೇಕಡಾ 1ರಷ್ಟು ತಪ್ಪಾದರೆ ಈ 4000 ಮೀಟರ್ ಆಳದ ಅಳತೆಯಲ್ಲಿ 40 ಮೀಟರ್ ವ್ಯತ್ಯಾಸವಾಗುತ್ತದೆ. ಜೊತೆಗೆ ಅಂಚಿನ ಕಿರಣಗಳ ಬಾಗುವಿಕೆಯ ಲೆಕ್ಕವೂ ತಪ್ಪುವುದರಿಂದ, ಸಮತಟ್ಟಾದ ತಳವೂ ಸಮೀಕ್ಷಾ ಪಟ್ಟಿಯ ಎರಡೂ ಅಂಚುಗಳಲ್ಲಿ ಮೇಲಕ್ಕೋ ಕೆಳಕ್ಕೋ ಬಾಗಿದಂತೆ ಕಾಣುತ್ತದೆ. ಅಂಥ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿದಾಗ ಹಡಗಿನ ದಾರಿಗುಂಟ ಹುಸಿ ಸಾಲುಗಳು ಮೂಡುತ್ತವೆ, ಗಣನೆಯು ಅವನ್ನೂ ಗುಡ್ಡಗಳೆಂದೇ ಎಣಿಸುತ್ತದೆ.

ಆದ್ದರಿಂದ ನಿಮ್ಮ ವಿಶ್ಲೇಷಣೆಯಲ್ಲಿ ಸಿಕ್ಕ ಸಾಲುಗಳ ದಿಕ್ಕು ಹಡಗು ಸಾಗಿದ ದಿಕ್ಕಿಗೆ ಹೊಂದಿಕೊಂಡಿದ್ದರೆ ಅದನ್ನು ಕೂಡಲೇ ನಂಬಬೇಡಿ. ಅಡ್ಡಹಾಯ್ದ ಇನ್ನೊಂದು ಪಥದ ಅಳತೆಯಲ್ಲಿಯೂ ಅದೇ ದಿಕ್ಕು ಬರುತ್ತದೆಯೇ ಎಂದು ಪರೀಕ್ಷಿಸಿ.