ಮೊಬೈಲ್ ಓದಿ ಹೇಳಿದ್ರೆ ಅದು ಓದಲ್ವಾ?

ಕಳೆದ ಸಲ ವಿಶೇಷ ಅಗತ್ಯದ ಮಕ್ಕಳ ಓದಿನ ಬಗ್ಗೆ ಪ್ರಶ್ನೆ ಕಳ್ಸಿ ಅಂದಿದ್ವಿ, ಬಂದಿದ್ರಲ್ಲಿ ಜಾಸ್ತಿ ಇದ್ದಿದ್ದು ಪಾಠನ ಮೆಷಿನ್ ದನಿಯಲ್ಲಿ ಓದ್ಸೋ ವಿಷಯನೇ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ನನ್ ಮಗ ಏಳನೇ ಕ್ಲಾಸು, ಕನ್ನಡ ಮೀಡಿಯಂ. ಡಿಸ್ಲೆಕ್ಸಿಯಾ (ಅಕ್ಷರ ಕೂಡ್ಸಿ ಓದೋಕೆ ಕಷ್ಟ ಆಗೋ ಸಮಸ್ಯೆ) ಇದೆ ಅಂತ ಹೋದ ವರ್ಷ ಗೊತ್ತಾಯ್ತು. ಒತ್ತಕ್ಷರ ಬಂದ್ರೆ ನಿಂತುಬಿಡ್ತಾನೆ, ಅದೇ ನಾನು ಓದಿ ಹೇಳಿದ್ರೆ ಯಾವ ಪ್ರಶ್ನೆ ಕೇಳಿದ್ರೂ ಟಕ್ ಅಂತ ಉತ್ತರ. ಟೀಚರ್ ಒಬ್ರು ಮೊಬೈಲಲ್ಲೇ ಪಾಠ ಓದ್ಸಿ ಕೇಳ್ಸಿ ಅಂದ್ರು. ನಮ್ಮ ಮಾವನೋರು ಮಾತ್ರ ಹಂಗ್ ಮಾಡಿದ್ರೆ ಹುಡುಗ ಸೋಮಾರಿ ಆಗ್ತಾನೆ, ಓದೋದೇ ಬಿಟ್ಬಿಡ್ತಾನೆ ಅಂತಾರೆ. (ತುಮಕೂರು)

ಉತ್ತರ: ಅಮ್ಮಾ, ನಿಮ್ಮ ಮಾವನೋರ ಭಯ ಸುಳ್ಳಲ್ಲ, ಆದ್ರೆ ಅವ್ರು ಎರಡು ಕೆಲಸನ ಒಂದೇ ಅನ್ಕೊಂಡಿದ್ದಾರೆ. ಅಕ್ಷರ ಕೂಡ್ಸಿ ಓದೋದು ಒಂದು ಕೆಲಸ, ಪಾಠದಲ್ಲಿರೋ ವಿಷಯ ತಿಳ್ಕೊಳ್ಳೋದು ಇನ್ನೊಂದು. ಮೊದಲನೇದಕ್ಕೆ ದಿನಾ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದೋ ಅಭ್ಯಾಸ ಬೇಕೇ ಬೇಕು, ಅದನ್ನ ನಿಲ್ಲಿಸ್ಬೇಡಿ. ಆದ್ರೆ ಒತ್ತಕ್ಷರ ಸರಿಹೋಗೋ ತನಕ ವಿಜಯನಗರದ ಇತಿಹಾಸ, ಸಸ್ಯಗಳ ಪಾಠ ಎಲ್ಲಾ ಕಾಯ್ಲಿ ಅಂದ್ರೆ ಹೇಗೆ? ಹಾಗೆ ಕಾದ ಮಕ್ಕಳು ಓದಿನಲ್ಲಿ ಮಾತ್ರ ಅಲ್ಲ, ವಿಷಯದಲ್ಲೂ ಪದಗಳಲ್ಲೂ ಹಿಂದೆ ಬಿದ್ದು ಆಮೇಲೆ ದಡ್ಡ ಅನ್ನಿಸ್ಕೊಳ್ತಾರೆ, ಅದೇ ನಂಗೆ ಬೇಜಾರು. ಕನ್ನಡಕ ಹಾಕೋ ಹುಡುಗನ್ನ ಕಣ್ಣು ಸೋಮಾರಿ ಆಗುತ್ತೆ ತೆಗಿ ಅಂತ ಯಾರೂ ಅನ್ನಲ್ವಲ್ಲ.

ಮಾಡೋ ರೀತಿ ಮುಖ್ಯ. ಬರೀ ಕೇಳ್ತಾ ಮಲಗಿದ್ರೆ ಪ್ರಯೋಜನ ಕಮ್ಮಿ, ಕಣ್ಣು ಸಾಲಿನ ಮೇಲೇ ಇರ್ಬೇಕು. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಲ್ಲಿ ಗಟ್ಟಿಯಾಗಿ ಓದ್ಸೋ ಆಪ್ಷನ್ ಇದೆ, ಅದ್ರಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿ ಸಿಗುತ್ತೆ, ಓದ್ತಾ ಇರೋ ಪದಕ್ಕೆ ಬಣ್ಣನೂ ಹಚ್ಚುತ್ತೆ. ನೆಟ್ ಬೇಕು ಅಷ್ಟೇ. ಆಂಡ್ರಾಯ್ಡ್ ಫೋನಲ್ಲಾದ್ರೆ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಸೆಲೆಕ್ಟ್ ಟು ಸ್ಪೀಕ್ ಆನ್ ಮಾಡಿ, ಗೂಗಲ್‌ನ ಕನ್ನಡ ದನಿ ಒಂದ್ಸಲ ಡೌನ್‌ಲೋಡ್ ಮಾಡಿಟ್ರೆ ಆಮೇಲೆ ನೆಟ್ ಇಲ್ದೇನೂ ಓದುತ್ತೆ. ಸ್ಪೀಡ್ ಮೊದಲು ಕಮ್ಮಿ ಇಡಿ. ಒಂದು ಪ್ಯಾರಾ ಆದ್ಮೇಲೆ ನಿಲ್ಸಿ ಏನ್ ಹೇಳ್ತು ಅಂತ ಕೇಳಿ, ಉತ್ತರ ಮಾವನೋರ ಮುಂದೆನೇ ಹೇಳ್ಸಿ.

ಪ್ರಶ್ನೆ: ನಾ ಬಿಎ ಎರಡನೇ ವರ್ಷ ರೀ, ಕಣ್ಣು ಭಾಳ ಮಸಕು. ಕಾಲೇಜಿನ್ಯಾಗ ಸರ್ ನೋಟ್ಸ್ ಪಿಡಿಎಫ್ ಕಳಸ್ತಾರ, ಫೋನಿಗೆ ಓದು ಅಂದ್ರ ಕನ್ನಡ ಬಿಟ್ಟು ಏನೇನೋ ಇಂಗ್ಲಿಷ್ ಅಕ್ಷರ ಒದರ್ತೈತಿ. ಕೆಲವೊಂದ್ ಫೈಲಿಗಂತೂ ದನಿನೇ ಇಲ್ಲ. ಫೋನ್ ಕೆಟ್ಟೈತೇನ್ರಿ? (ಧಾರವಾಡ)

ಉತ್ತರ: ಫೋನ್ ಚೆನ್ನಾಗೇ ಇದೆ ತಮ್ಮಾ, ಕೆಟ್ಟಿರೋದು ಫೈಲು. ಕನ್ನಡದಲ್ಲಿ ನಮ್ಮ ನಿಜವಾದ ತಲೆನೋವು ದನಿಯಲ್ಲ, ಇದೇ. ಕನ್ನಡ ಟೈಪ್ ಮಾಡೋ ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರ್ಸಿರ್ತಾರೆ. ಕಣ್ಣಿಗೆ ಕನ್ನಡ ಅಂತ ಕಾಣೋ ಪದದ ಒಳಗಡೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಅಂತೆಲ್ಲ ಇರುತ್ತೆ, ಮೆಷಿನ್ ಇರೋದನ್ನೇ ಓದುತ್ತೆ ಪಾಪ. ಪರೀಕ್ಷೆ ಮಾಡೋದು ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡಿ, ಕನ್ನಡವಾಗಿ ಬಂದ್ರೆ ಯೂನಿಕೋಡ್ (ಕನ್ನಡ ಅಕ್ಷರನ ಕನ್ನಡ ಅಂತಲೇ ಗುರುತಿಸೋ ಪದ್ಧತಿ), ಚಿತ್ರವಿಚಿತ್ರ ಬಂದ್ರೆ ಹಳೇ ಫಾಂಟು. ಕಾಪಿನೇ ಆಗ್ಲಿಲ್ಲ ಅಂದ್ರೆ ಅದು ಬರೀ ಫೋಟೋ, ದನಿ ಬರದೇ ಇರೋ ಫೈಲ್‌ಗಳು ಅವೇ.

ಹಳೇ ಫಾಂಟಿಗೆ ಯೂನಿಕೋಡ್ ಕನ್ವರ್ಟರ್‌ಗಳು ಉಚಿತವಾಗಿ ಸಿಗ್ತವೆ. ನಿಮ್ಮ ಸರ್ ಹತ್ರ ಪಿಡಿಎಫ್ ಬದ್ಲು ಟೈಪ್ ಮಾಡಿದ ಮೂಲ ಫೈಲ್ ಕೇಳಿ, ಕನ್ವರ್ಟ್ ಮಾಡೋಕೆ ಅದೇ ಸಲೀಸು. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ, ಮುಂದಿನ ಸಲದಿಂದ ಅದ್ರಲ್ಲೇ ಟೈಪ್ ಮಾಡ್ಸಿ ಸರ್ ಅಂತ ಹೇಳಿ, ನಾಚ್ಕೋಬೇಡಿ. ಫೋಟೋ ಫೈಲ್ ಆದ್ರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸಲ್ಲಿ ತೆಗೀರಿ, ಅಕ್ಷರ ಗುರುತಿಸಿ ಪಠ್ಯ ಮಾಡ್ಕೊಡುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದೇ ಕೆಲಸಕ್ಕೆ ಲಿಪಿ ಜ್ಞಾನಿ ಅಂತ ಕನ್ನಡಕ್ಕೇ ಒಂದು ಸಾಫ್ಟ್‌ವೇರ್ ಮಾಡಿದ್ದಾರೆ. ಹಳೇ ಅಚ್ಚುಮೊಳೆ ಪುಸ್ತಕದಲ್ಲಿ ಮಾತ್ರ ಒತ್ತು ಎಡವಟ್ಟಾಗುತ್ತೆ, ಯಾರಾದ್ರೂ ಫ್ರೆಂಡ್ ಹತ್ರ ಒಂದ್ಸಲ ತಿದ್ದಿಸ್ಕೊಳ್ಳಿ.

ಪುಸ್ತಕ ಹಿಂಗೆಲ್ಲ ಮಾಡೋದು ಕಾಪಿರೈಟ್ ತಪ್ಪಲ್ವಾ ಅಂತ ಯಾರಾದ್ರೂ ಹೆದರಿಸಿದ್ರೆ 2012ರ ತಿದ್ದುಪಡಿ ತೋರ್ಸಿ, ಅಂಗವೈಕಲ್ಯ ಇರೋರು ಓದೋಕೆ ಬೇಕಾದ ರೂಪಕ್ಕೆ ಪುಸ್ತಕ ಬದಲಾಯಿಸೋಕೆ ನಮ್ಮ ಕಾನೂನಲ್ಲೇ ಅವಕಾಶ ಇದೆ. ಇದೇ ವಿಷಯದ ಮರಕೇಶ್ ಒಪ್ಪಂದನ 2014ರಲ್ಲಿ ಜಗತ್ತಲ್ಲೇ ಮೊದಲು ಅನುಮೋದಿಸಿದ್ದು ಭಾರತ. ಸುಗಮ್ಯ ಪುಸ್ತಕಾಲಯ ಅಂತ 2016ರಿಂದ ಆನ್‌ಲೈನ್ ಲೈಬ್ರರಿನೂ ಇದೆ, ಅಲ್ಲಿ ಸದಸ್ಯರಾಗಿ ನಿಮ್ಮ ಪುಸ್ತಕ ಆಗ್ಲೇ ಇದ್ಯಾ ನೋಡಿ, ಇದ್ರೆ ಇಷ್ಟೆಲ್ಲಾ ಕಷ್ಟನೇ ಬೇಡ.

ಪ್ರಶ್ನೆ: ಸರ್ಕಾರಿ ಹೈಸ್ಕೂಲ್ ಶಿಕ್ಷಕ ನಾನು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಕಲಿಕಾ ನ್ಯೂನತೆ ಇದೆ, ಕಂಪ್ಯೂಟರ್ ದನಿಯಿಂದ ಕ್ಲಾಸಲ್ಲಿ ಚೆನ್ನಾಗಿ ಕಲೀತಿದ್ದಾಳೆ. ಎಸ್ಸೆಸ್ಸೆಲ್ಸಿ ಪರೀಕ್ಷೇಲಿ ಬಿಡ್ತಾರಾ? (ಹಾವೇರಿ)

ಉತ್ತರ: ಮೇಷ್ಟ್ರೇ, ಮೊದಲು ಸರ್ಟಿಫಿಕೇಟ್. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಬರುತ್ತೆ, ಕಾಗದ ಇಲ್ದಿದ್ರೆ ಮಾತ್ರ ಯಾರೂ ಕೇಳಲ್ಲ. ಬೆಂಗಳೂರಿನ ನಿಮ್ಹಾನ್ಸಲ್ಲಿ ಈ ನ್ಯೂನತೆ ಇದ್ಯಾ ಅಂತ ತಪಾಸಣೆ ಮಾಡ್ತಾರೆ, ನಿಮಗೆ ಹತ್ರದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸಲ್ಲೂ ವಿಚಾರ್ಸಿ.

ಕೇಂದ್ರದ ಮಾರ್ಗಸೂಚಿ ಪ್ರಕಾರ ಬರವಣಿಗೆ ಸಮಸ್ಯೆ ಇರೋರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡ್ಬೇಕು, ಅಂದ್ರೆ ಮೂರು ಗಂಟೆ ಪೇಪರಿಗೆ ಒಂದು ಗಂಟೆ. ಬ್ರೈಲ್, ಕಂಪ್ಯೂಟರ್, ದೊಡ್ಡ ಅಕ್ಷರ ಇವುಗಳಲ್ಲಿ ಆದಷ್ಟು ಅಭ್ಯರ್ಥಿಗೇ ಆಯ್ಕೆ ಬಿಡ್ಬೇಕು ಅಂತನೂ ಅದ್ರಲ್ಲಿದೆ. ಸಿಬಿಎಸ್ಇಯಲ್ಲಿ ಪ್ರಶ್ನೆ ಕೇಳಿಸ್ಕೊಳ್ಳೋಕೆ ಕಂಪ್ಯೂಟರ್ ಬಳಸೋ ಅವಕಾಶ ನಿಯಮದಲ್ಲೇ ಬರೆದಿದೆ. ಇವೆಲ್ಲಾ ಉಲ್ಲೇಖ ಮಾಡಿ ಹೆಡ್‌ಮಾಸ್ಟರ್ ಮೂಲಕ ಪರೀಕ್ಷಾ ಮಂಡಳಿಗೆ ಈಗ್ಲೇ ಅರ್ಜಿ ಹಾಕಿ, ಫೆಬ್ರವರಿ ತನಕ ಕಾಯ್ಬೇಡಿ. ಫೋನಲ್ಲಿ ಆಯ್ತು ಬಿಡಿ ಅಂದಿದ್ದನ್ನ ನಂಬಿ ಕೂತ್ರೆ ಪರೀಕ್ಷೆ ದಿನ ಬಾಗಿಲಲ್ಲಿ ನಿಲ್ಸ್ತಾರೆ, ಲಿಖಿತ ಆದೇಶನೇ ಬೇಕು. ಜೊತೆಗೆ ಒಂದು ಮಾತು: ಕೊನೆಗೆ ಕಂಪ್ಯೂಟರ್ ಬದ್ಲು ಓದಿ ಹೇಳೋ ಮನುಷ್ಯರನ್ನೇ ಕೊಟ್ರೂ ಕೊಡ್ಬಹುದು. ಮೆಷಿನ್ನಾದ್ರೆ ಹತ್ತು ಸಲ ಓದ್ಸಿದ್ರೂ ಮುಖ ಸಿಂಡರಿಸಲ್ಲ, ಮನುಷ್ಯರ ಹತ್ರ ಇನ್ನೊಂದ್ಸಲ ಓದಿ ಅನ್ನೋಕೆ ಮಕ್ಕಳು ಹಿಂಜರೀತಾರೆ. ಪೂರ್ವಸಿದ್ಧತಾ ಪರೀಕ್ಷೇಲೇ ಅದನ್ನೂ ರೂಢಿ ಮಾಡ್ಸಿ.

ಪ್ರಶ್ನೆ: ಮಗಳಿಗೆ ಹುಟ್ಟಿದಾಗಿನಿಂದ ದೃಷ್ಟಿ ಇಲ್ಲ, ಲ್ಯಾಪ್‌ಟಾಪಲ್ಲಿ ಎನ್‌ವಿಡಿಎ ಅನ್ನೋ, ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್ ಹಾಕ್ಕೊಂಡು ಓದ್ತಾಳೆ. ಆ ರೋಬೋ ದನಿ ಕೇಳೋಕಾಗಲ್ಲ, ಅದೂ ಸಿಕ್ಕಾಪಟ್ಟೆ ಸ್ಪೀಡು. ಒಳ್ಳೇ ದನಿ ಹಾಕ್ಸಿಕೊಡೋಣ ಅಂತ. (ಶಿವಮೊಗ್ಗ)

ಉತ್ತರ: ಕೇಳೋರು ನೀವಲ್ಲ, ಅವಳು! ಅವಳನ್ನೇ ಕೇಳಿ. ಆ ದನಿ ಇಸ್ಪೀಕ್ ಇರ್ಬೇಕು, ಚಿಕ್ಕ ಸಾಫ್ಟ್‌ವೇರು, ಕೀ ಒತ್ತಿದ ತಕ್ಷಣ ಮಾತಾಡುತ್ತೆ, ಸ್ಪೀಡ್ ಎಷ್ಟು ಏರಿಸಿದ್ರೂ ಪದ ಕಲಸಿಹೋಗಲ್ಲ, ಅದಕ್ಕೇ ಪಳಗಿದವರು ಅದನ್ನ ಬಿಡಲ್ಲ. ಕಥೆ ಕೇಳೋಕೆ ಬೇಕಾದ್ರೆ ಮನುಷ್ಯರ ಥರದ ದನಿ ಇರ್ಲಿ. ದುಡ್ಡು, ಟೈಮು ಇದ್ರೆ ಗಣಿತಕ್ಕೆ ಹಾಕಿ. ಸಮೀಕರಣಗಳನ್ನ ಚಿತ್ರವಾಗಿ ಅಂಟಿಸಿದ್ರೆ ಎನ್‌ವಿಡಿಎ ಗ್ರಾಫಿಕ್ ಅಂದು ಮುಂದೆ ಹೋಗ್ಬಿಡುತ್ತೆ, ಭಿನ್ನರಾಶಿ ಮೇಲೆ ಕೆಳಗೆ ಯಾವುದಿದೆ ಗೊತ್ತೇ ಆಗಲ್ಲ. ಅವಳ ಗಣಿತದ ಟೀಚರ್‌ಗೆ ಸಮೀಕರಣಗಳನ್ನ ವರ್ಡ್‌ನ ಈಕ್ವೇಶನ್ ಟೂಲಲ್ಲೇ ಟೈಪ್ ಮಾಡೋಕೆ ಹೇಳಿ, ಎನ್‌ವಿಡಿಎಗೆ ಮ್ಯಾತ್‌ಕ್ಯಾಟ್ ಅನ್ನೋ ಉಚಿತ ಆಡ್‌ಆನ್ ಹಾಕ್ಕೊಡಿ, ಇಂಗ್ಲಿಷಲ್ಲಾದ್ರೂ ಬಿಡಿಬಿಡಿಯಾಗಿ ಓದಿ ಹೇಳುತ್ತೆ.